ನಿಮ್ಮೂರಿನ ರೈಲು ಹಳಿಯ ಚರಿತ್ರೆ ಹುಡುಕುವುದು ಹೇಗೆ?

"ನಮ್ಮೂರಿಗೆ ರೈಲು ಬಂದದ್ದು ಯಾವಾಗ? ಇದನ್ನೆಲ್ಲ ಎಲ್ಲಿ ಹುಡುಕಬೇಕು?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಶಾಲೆಯ ಮೇಷ್ಟ್ರು ಇದ್ದಾರೆ, ಪಂಚಾಯಿತಿ ಸದಸ್ಯರಿದ್ದಾರೆ, ಅಜ್ಜ ಹಳಿ ದುರಸ್ತಿಯ ಗ್ಯಾಂಗ್‌ಮನ್ ಆಗಿದ್ದರು ಎಂದು ಹೇಳುವ ಹುಡುಗ ಹುಡುಗಿಯರೂ ಇದ್ದಾರೆ. ಎಲ್ಲರಿಗೂ ಒಂದೊಂದಾಗಿ ಬರೆಯುವ ಬದಲು ಇಡೀ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಉದಾಹರಣೆಗಳೆಲ್ಲ ಕರ್ನಾಟಕದವು.

ಈ ಕೆಲಸವನ್ನು ಮುಂದಕ್ಕೆ ಹಾಕಬೇಡಿ. 2023ರಲ್ಲಿ ಶುರುವಾದ ಅಮೃತ ಭಾರತ್ ನಿಲ್ದಾಣ ಯೋಜನೆಯಲ್ಲಿ ಎಷ್ಟೋ ಸ್ಟೇಷನ್‌ಗಳ ರೂಪವೇ ಬದಲಾಗುತ್ತಿದೆ. ಬೆಂಗಳೂರಿನ ಸುತ್ತ ಉಪನಗರ ರೈಲಿನ ಕೆಲಸ ನಡೆದಿದೆ. ಜೋಡಿ ಹಳಿ ಹಾಕುವಾಗ, ವಿದ್ಯುತ್ ತಂತಿ ಎಳೆಯುವಾಗ ಹಳೆಯ ಕಲ್ಲು, ಹಳೆಯ ಗೋಡೆ, ಹಳೆಯ ನೀರಿನ ಟ್ಯಾಂಕು ಸದ್ದಿಲ್ಲದೆ ಹೋಗಿಬಿಡುತ್ತವೆ. ಕಡತ ಇನ್ನೂ ಹತ್ತು ವರ್ಷ ಕಪಾಟಿನಲ್ಲಿ ಇರಬಹುದು. ಆದರೆ ಕಲ್ಲಿದ್ದಲು ಇಂಜಿನ್ ಕಾಲದಲ್ಲಿ ಕೆಲಸ ಮಾಡಿದವರು ಇರಬೇಕಲ್ವಾ?

ಮೊದಲಿಗೆ ಏನೇನು ಬೇಕು

ದೊಡ್ಡ ತಯಾರಿ ಬೇಡ. ಒಂದು ಗಟ್ಟಿ ನೋಟ್‌ಬುಕ್, ಜಾಗದ ಗುರುತು ಉಳಿಸಿಕೊಳ್ಳುವ ಮೊಬೈಲ್ ಕ್ಯಾಮೆರಾ, ಒಂದು ಅಳತೆ ಟೇಪು ಸಾಕು. ಮಾತು ರೆಕಾರ್ಡ್ ಮಾಡಲು ಅದೇ ಮೊಬೈಲ್ ನಡೆಯುತ್ತದೆ. ನೋಟ್‌ಬುಕ್ಕಿನ ಪ್ರತಿ ಪುಟದ ಬಲಗಡೆ ಸ್ವಲ್ಪ ಜಾಗ ಬಿಡಿ. ಆ ಮಾಹಿತಿ ಎಲ್ಲಿಂದ ಬಂತು, ಯಾರು ಹೇಳಿದರು, ಯಾವ ದಿನ ಹೇಳಿದರು ಎಂದು ಅಲ್ಲಿ ಬರೆಯಿರಿ. ಇದೊಂದು ಅಭ್ಯಾಸ ಬಿಟ್ಟರೆ ಮುಂದಿನ ಶ್ರಮವೆಲ್ಲ ವ್ಯರ್ಥ. ಆರು ತಿಂಗಳಾದ ಮೇಲೆ ನಿಮಗೇ ನೆನಪಿರುವುದಿಲ್ಲ.

ಹಂತ 1: ಯಾವುದರ ವಯಸ್ಸು ಬೇಕು ಎಂದು ತೀರ್ಮಾನಿಸಿ

ಎಲ್ಲಕ್ಕಿಂತ ಜಾಸ್ತಿ ಗೊಂದಲ ಆಗುವುದು ಇಲ್ಲೇ. "ರೈಲು ಬಂದ ವರ್ಷ" ಎನ್ನುವುದು ಒಂದಲ್ಲ, ಹಲವು.

ಲೈನಿನ ಮಣ್ಣಿನ ಕೆಲಸ ಶುರುವಾದ ವರ್ಷ ಒಂದು. ಗೂಡ್ಸ್ ಗಾಡಿ ಓಡಿದ ವರ್ಷ ಇನ್ನೊಂದು. ಪ್ರಯಾಣಿಕರನ್ನು ಹತ್ತಿಸಿಕೊಂಡ ವರ್ಷ ಮತ್ತೊಂದು. ಲೈನು ಹಾಕಿ ಎಷ್ಟೋ ಕಾಲವಾದ ಮೇಲೆ ನಿಮ್ಮೂರಿನಲ್ಲಿ ಸ್ಟೇಷನ್ ಆಗಿರಬಹುದು. ಈಗ ಕಾಣುವ ಕಟ್ಟಡ ಅದಕ್ಕೂ ಆಮೇಲಿನದು ಇರಬಹುದು. ಬೆಂಗಳೂರು–ಮೈಸೂರು ಲೈನನ್ನೇ ನೋಡಿ. 1876–78ರ ಭೀಕರ ಬರಗಾಲದಲ್ಲಿ ಹಸಿದ ಜನರಿಗೆ ಕೂಲಿ ಸಿಗಲಿ ಎಂದು ಮಣ್ಣಿನ ಕೆಲಸ ಶುರುವಾಯಿತು. ತುಂಡು ತುಂಡಾಗಿ ತೆರೆಯುತ್ತ ಹೋಗಿ ಮೈಸೂರಿನವರೆಗೆ ಮುಗಿದದ್ದು 1882ರಲ್ಲಿ. ನಡುವಿನ ಒಂದು ಊರಿನವರು 1881 ಎಂದರೆ ಅದೂ ಸರಿ ಇರಬಹುದು, ಮೈಸೂರಿನವರು 1882 ಎಂದರೆ ಅದೂ ಸರಿ.

ಆದ್ದರಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಐದು ಸಾಲು ಖಾಲಿ ಬಿಡಿ: ಕೆಲಸ ಶುರು, ಲೈನು ತೆರೆದದ್ದು, ಸ್ಟೇಷನ್ ಆದದ್ದು, ಈಗಿನ ಕಟ್ಟಡ, ಗೇಜ್ ಬದಲಾದದ್ದು. ಸಿಕ್ಕ ವರ್ಷ ಯಾವ ಸಾಲಿಗೆ ಸೇರುತ್ತದೆ ಎಂದು ಗೊತ್ತಾದ ಮೇಲೆ ಮಾತ್ರ ತುಂಬಿ.

ಗೇಜ್ ಎಂದರೆ ಎರಡು ಹಳಿಗಳ ಒಳಮೈ ನಡುವಿನ ಅಂತರ. ನಮ್ಮಲ್ಲಿ ಬ್ರಾಡ್ ಗೇಜ್ 1,676 ಮಿಲಿಮೀಟರ್, ಮೀಟರ್ ಗೇಜ್ 1,000 ಮಿಲಿಮೀಟರ್. ನ್ಯಾರೋ ಗೇಜ್ 762 ಅಥವಾ 610 ಮಿಲಿಮೀಟರ್. ಹಳೇ ಮೈಸೂರಿನ ಹೆಚ್ಚಿನ ಲೈನುಗಳು ಮೀಟರ್ ಗೇಜ್ ಆಗಿದ್ದವು. 1992ರಲ್ಲಿ ಎಲ್ಲ ಕಡೆ ಒಂದೇ ಗೇಜ್ ಇರಲಿ ಎಂಬ ಯೋಜನೆ ಬಂದ ಮೇಲೆ ಒಂದೊಂದಾಗಿ ಬ್ರಾಡ್ ಗೇಜ್ ಆದವು. ಆ ಸಮಯದಲ್ಲಿ ಲೈನು ಮುಚ್ಚಿದ್ದ ಊರುಗಳಲ್ಲಿ "ನಮಗೆ ರೈಲು ಬಂದದ್ದು ತೊಂಬತ್ತರ ದಶಕದಲ್ಲಿ" ಎಂದು ಈಗಿನ ಹುಡುಗರು ಹೇಳುವುದುಂಟು. ಅವರು ನೋಡಿದ ಮೊದಲ ರೈಲು ಅದೇ. ಅದನ್ನು ಐದನೇ ಸಾಲಿಗೆ ಬರೆಯಿರಿ, ಎರಡನೆಯದಕ್ಕಲ್ಲ.

ಹಂತ 2: ಲೈನು ಯಾರದಾಗಿತ್ತು ಎಂದು ಪತ್ತೆ ಮಾಡಿ

ಇದು ಗೊತ್ತಾಗದೆ ಕಡತ ಹುಡುಕಲು ಹೋಗಬೇಡಿ. ಈಗ ಒಂದೇ ರಾಜ್ಯ ಆಗಿರುವುದು ಆಗ ನಾಲ್ಕೈದು ಆಡಳಿತಗಳಲ್ಲಿ ಹಂಚಿಹೋಗಿತ್ತು. ಲೈನುಗಳೂ ಬೇರೆ ಬೇರೆ ಕಂಪನಿಗಳವು.

ಜೋಲಾರ್‌ಪೇಟೆ ಕಡೆಯಿಂದ ಬೆಂಗಳೂರು ದಂಡಿಗೆ (ಕಂಟೋನ್ಮೆಂಟ್) 1864ರಲ್ಲಿ ಬಂದದ್ದು ಮದ್ರಾಸ್ ರೈಲ್ವೆ. ಹುಬ್ಬಳ್ಳಿ, ಧಾರವಾಡ, ಗದಗ, ಬೆಳಗಾವಿ ಕಡೆ 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ. ಕ್ಯಾಸಲ್‌ರಾಕ್‌ನಿಂದ ಘಟ್ಟ ಇಳಿದು ಮುರ್ಮುಗೋವಾಕ್ಕೆ ಹೋಗುವುದು ಪೋರ್ಚುಗೀಸರ ಗಡಿಯೊಳಗಿನ ಬೇರೆಯೇ ಕಂಪನಿಯ ಲೈನು. ಮುಂಬೈ ಕಡೆಯಿಂದ ಕಲಬುರಗಿ ಮೇಲೆ ಹಾದು 1871ರಲ್ಲಿ ರಾಯಚೂರಿಗೆ ಬಂದದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ. ಅಲ್ಲೇ ಅದು ಮದ್ರಾಸ್ ರೈಲ್ವೆಯನ್ನು ಕೂಡಿತು. ವಾಡಿಯಿಂದ ಸಿಕಂದರಾಬಾದ್ ಕಡೆಗೆ ಹೋಗುವುದು ನಿಜಾಮರ ಲೈನು, 1874ರದು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಕೇರಳದ ಕಡೆಯಿಂದ. ಘಟ್ಟ ಹತ್ತಿ ಹಾಸನ ಮುಟ್ಟಲು ಮಂಗಳೂರು 1979ರವರೆಗೆ ಕಾಯಬೇಕಾಯಿತು. ಕರಾವಳಿಯ ಉದ್ದಕ್ಕೂ ಕೊಂಕಣ ರೈಲ್ವೆ ಪೂರ್ತಿ ತೆರೆದದ್ದು 1998ರ ಜನವರಿ 26ರಂದು. ಕೊಡಗು ಜಿಲ್ಲೆಯಲ್ಲಿ ಇಂದಿಗೂ ರೈಲು ಹಳಿ ಇಲ್ಲ. ಆದರೂ ಅಲ್ಲಿನವರು ಹಳೆಯ ಸರ್ವೆಗಳ ಚರಿತ್ರೆ ಹುಡುಕಬಹುದು. ಆಗದೇ ಹೋದ ಲೈನಿಗೂ ಕಡತ ಇರುತ್ತದೆ.

ಆಮೇಲೆ ಕಂಪನಿಗಳು ಬೆರೆತವು. 1908ರಲ್ಲಿ ಮದ್ರಾಸ್ ಮತ್ತು ಸದರ್ನ್ ಮರಾಠಾ ಸೇರಿ ಒಂದಾದವು. ಹಳಬರು ಅದನ್ನೇ ಎಂ.ಎಸ್.ಎಂ. ಎನ್ನುವುದು. 1951ರ ಏಪ್ರಿಲ್ 14ರಂದು ಅದು, ಸೌತ್ ಇಂಡಿಯನ್ ರೈಲ್ವೆ ಮತ್ತು ಮೈಸೂರು ಸಂಸ್ಥಾನದ ರೈಲ್ವೆ ಸೇರಿ ದಕ್ಷಿಣ ರೈಲ್ವೆ ಆಯಿತು. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆ 2003ರದು.

ಎಚ್ಚರ: ಲೈನು ಕಟ್ಟಿದವರು ಬೇರೆ, ನಡೆಸಿದವರು ಬೇರೆ ಇರಬಹುದು. ಬೆಂಗಳೂರು–ಮೈಸೂರು ಲೈನು ಸಂಸ್ಥಾನದ ಹಣದ್ದು. ಆದರೆ ಬಹಳ ವರ್ಷ ಅದನ್ನು ನಡೆಸಿದ್ದು ಸದರ್ನ್ ಮರಾಠಾ ಕಂಪನಿ. ಹಾಗಾಗಿ ಎರಡೂ ಹೆಸರಿನಲ್ಲಿ ಹುಡುಕಿ.

ಹಂತ 3: ನಕ್ಷೆಯ ಮೇಲೆ ಹಳಿ ಹುಡುಕಿ

ಹಳಿ ಈಗಲೂ ಇದ್ದರೂ ಈ ಹಂತ ಬಿಡಬೇಡಿ. ಗೇಜ್ ಬದಲಾಯಿಸುವಾಗ ತಿರುವು ನೇರ ಮಾಡಿ ಹಳೆಯ ದಾರಿಯನ್ನು ಪಕ್ಕಕ್ಕೆ ಬಿಟ್ಟ ಊರುಗಳು ಎಷ್ಟೋ ಇವೆ.

ಮೂರು ಬಗೆಯ ನಕ್ಷೆ ಬೇಕು. ಮೊದಲನೆಯದು ಸರ್ವೆ ಆಫ್ ಇಂಡಿಯಾದ ಟೋಪೋ ನಕ್ಷೆ. ಬೆಟ್ಟ, ಹೊಳೆ, ದಾರಿ, ಹಳಿ ಎಲ್ಲವನ್ನೂ ಎತ್ತರದ ಗೆರೆಗಳ ಸಮೇತ ತೋರಿಸುವ ನಕ್ಷೆ ಇದು. ಈಗಿನವು 1:50,000 ಅಳತೆಯವು, ಆ ಸಂಸ್ಥೆಯ ಜಾಲತಾಣದಲ್ಲಿ ಸಿಗುತ್ತವೆ. ಹಳೆಯವು ಮೈಲಿಗೆ ಒಂದು ಇಂಚು ಲೆಕ್ಕದವು. 1950ರ ದಶಕದ ನೋಟ ಬೇಕಾದರೆ ಅಮೆರಿಕದ ಸೇನೆಯ ನಕ್ಷೆ ವಿಭಾಗ ಮುದ್ರಿಸಿದ ಯು-502 ಎಂಬ ಸರಣಿ ಇದೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ತಾಣದಲ್ಲಿ ಅದನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. 1:2,50,000 ಅಳತೆಯದಾದ್ದರಿಂದ ಚಿಕ್ಕ ವಿವರ ಸಿಗದು. ಆದರೆ ಆಮೇಲೆ ಕಿತ್ತುಹಾಕಿದ ಲೈನು ಅದರಲ್ಲಿ ಕಾಣುತ್ತದೆ.

ಎರಡನೆಯದು ಗ್ರಾಮ ನಕ್ಷೆ. ಕಂದಾಯ ಇಲಾಖೆಯ ಈ ನಕ್ಷೆಯಲ್ಲಿ ಒಂದೊಂದು ಸರ್ವೆ ನಂಬರಿನ ಗಡಿಯೂ ಇರುತ್ತದೆ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ನೋಡಬಹುದು. ಊರಿನ ಹೊಲಗಳನ್ನೆಲ್ಲ ಸೀಳಿಕೊಂಡು ಹೋಗುವ ಒಂದು ಉದ್ದನೆಯ ಪಟ್ಟಿ ಕಂಡರೆ, ಅದರ ಎರಡೂ ಬದಿಯಲ್ಲಿ ಒಂದೇ ನಂಬರಿನ ತುಂಡುಗಳಿದ್ದರೆ, ಹಳಿ ಅಲ್ಲೇ ಹಾದಿತ್ತು ಎಂದು ಊಹಿಸಬಹುದು. ಆ ನಂಬರುಗಳ ಪಹಣಿ ತೆಗೆಸಿ. ಪಹಣಿ ಎಂದರೆ ಜಮೀನಿನ ಹಕ್ಕು, ವಿಸ್ತೀರ್ಣ, ಬೆಳೆ ತೋರಿಸುವ ದಾಖಲೆ, ಆರ್‌ಟಿಸಿ ಎನ್ನುವುದೂ ಅದನ್ನೇ. ಅದರಲ್ಲಿ ರೈಲ್ವೆಯ ಹೆಸರಿದೆಯೇ, 'ಬ' ಖರಾಬು ಎಂದು ಎಷ್ಟು ಗುಂಟೆ ತೋರಿಸಿದ್ದಾರೆ ಎಂದು ನೋಡಿ. ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಗೆ ಬಾರದ ಜಾಗವೇ 'ಬ' ಖರಾಬು.

ಮೂರನೆಯದು ಉಪಗ್ರಹ ಚಿತ್ರ. ಇಸ್ರೋದ ಭುವನ್ ಇದೆ, ಗೂಗಲ್ ಅರ್ಥ್ ಇದೆ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರವನ್ನೂ ತೆಗೆದು ನೋಡಬಹುದು. ಬೇಸಿಗೆಯ ಚಿತ್ರ ಆರಿಸಿಕೊಳ್ಳಿ, ಬೆಳೆ ಇಲ್ಲದಾಗ ನೆಲದ ಗುರುತು ಚೆನ್ನಾಗಿ ಕಾಣುತ್ತದೆ.

ಇಲ್ಲೊಂದು ಕಣ್ಣಿನ ಅಭ್ಯಾಸ ಬೇಕು. ರೈಲು ಗಾಡಿ ಕಡಿದಾದ ಏರು ಹತ್ತಲಾರದು, ಥಟ್ಟನೆ ತಿರುಗಲಾರದು. ಹಾಗಾಗಿ ಹಳಿಯ ದಾರಿ ಉದ್ದಕ್ಕೆ ನೇರವಾಗಿ ಹೋಗಿ ನಿಧಾನವಾಗಿ ಬಾಗುತ್ತದೆ. ಎತ್ತಿನ ಗಾಡಿಯ ದಾರಿ ಹಾಗಲ್ಲ, ಅದು ಹೊಲದ ಬದು ನೋಡಿಕೊಂಡು ಅಂಕುಡೊಂಕಾಗಿ ಹೋಗುತ್ತದೆ. ಬದುಗಳನ್ನು ಲೆಕ್ಕಿಸದೆ ಹೊಲಗಳನ್ನು ತ್ರಿಕೋನಗಳಾಗಿ ಕತ್ತರಿಸಿದ ನಯವಾದ ಬಾಗು ಕಂಡರೆ ಗುರುತು ಹಾಕಿ. ಅದರ ಪಕ್ಕದಲ್ಲಿ ಸಾಲಾಗಿ ಚೌಕಾಕಾರದ ತಗ್ಗು ಅಥವಾ ಚಿಕ್ಕ ಹೊಂಡಗಳಿದ್ದರೆ ಇನ್ನೂ ಒಳ್ಳೆಯದು. ಏರಿ ಕಟ್ಟಲು ಮಣ್ಣು ತೆಗೆದ ಗುಂಡಿಗಳು ಅವು.

ಎಚ್ಚರ: ನಾಲೆಗಳೂ ಹೀಗೇ ಬಾಗುತ್ತವೆ. ಆದರೆ ನಾಲೆ ಒಂದೇ ಎತ್ತರದ ಗೆರೆಯನ್ನು ಹಿಡಿದು ಬೆಟ್ಟದ ಬುಡ ಸುತ್ತುತ್ತದೆ, ಹಳ್ಳವನ್ನು ತಪ್ಪಿಸಿಕೊಂಡು ಹೋಗಲು ನೋಡುತ್ತದೆ. ಹಳಿ ಹಳ್ಳದ ಮೇಲೆ ಸೇತುವೆ ಹಾಕಿಕೊಂಡು ನೇರ ದಾಟುತ್ತದೆ. ಟೋಪೋ ನಕ್ಷೆಯ ಎತ್ತರದ ಗೆರೆ ನೋಡಿದರೆ ಅನುಮಾನ ಬಗೆಹರಿಯುತ್ತದೆ.

ಹಂತ 4: ಹೋಗಿ ನೋಡಿ

ಮೊದಲು ಕಾನೂನಿನ ಮಾತು. ಗಾಡಿ ಓಡುವ ಹಳಿಯ ಮೇಲೆ ನಡೆಯಬೇಡಿ. ಅನುಮತಿ ಇಲ್ಲದೆ ರೈಲ್ವೆ ಜಾಗಕ್ಕೆ ಕಾಲಿಡುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಅಪರಾಧ. ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಟ್ಟದ ಹಳಿಯ ಮೇಲೆ ಚಾರಣ ಮಾಡುವುದಕ್ಕೂ ನಿಷೇಧ ಇದೆ. ಕಾನೂನು ಹಾಗಿರಲಿ, ವಿದ್ಯುತ್ ಇಂಜಿನ್‌ಗಳು ಹೆಚ್ಚು ಸದ್ದು ಮಾಡದೆ ಹತ್ತಿರ ಬಂದುಬಿಡುತ್ತವೆ. ಸುರಂಗ, ಸೇತುವೆಯ ಒಳಗೆ ಓಡಿ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಗೇಟಿನ ಬಳಿ, ಮೇಲುಸೇತುವೆಯ ಮೇಲೆ, ಪಕ್ಕದ ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಬೇಕಾದ್ದು ಮುಕ್ಕಾಲು ಪಾಲು ಕಾಣುತ್ತದೆ. ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡು ಒಳಗೆ ಹೋಗಿ, ಸ್ಟೇಷನ್ ಮಾಸ್ಟರ್ ಅವರನ್ನು ಕೇಳಿ ಫೋಟೋ ತೆಗೆಯಿರಿ. ಕೇಳಿದವರಿಗೆ ಹಳೆಯ ಟೋಕನ್ ಯಂತ್ರ ತೋರಿಸಿ ವಿವರಿಸುವ ಸ್ಟೇಷನ್ ಮಾಸ್ಟರ್‌ಗಳೂ ಇರುತ್ತಾರೆ. ಒಂದೇ ಹಳಿಯ ಮೇಲೆ ಎದುರುಬದುರು ಎರಡು ಗಾಡಿ ಬಾರದಂತೆ, ಮುಂದಿನ ಸ್ಟೇಷನ್‌ವರೆಗೆ ಹೋಗಲು ಡ್ರೈವರ್ ಕೈಗೆ ಕೊಡುತ್ತಿದ್ದ ಗುರುತೇ ಟೋಕನ್.

ಸ್ಟೇಷನ್ನಿನಲ್ಲಿ ಏನು ನೋಡಬೇಕು? ಗೋಡೆಯ ಮೇಲ್ಭಾಗದಲ್ಲಿ ಕೆತ್ತಿದ ವರ್ಷ ಇದೆಯೇ ನೋಡಿ. ಸುಣ್ಣ, ಬಣ್ಣದ ಹತ್ತಾರು ಪದರದಲ್ಲಿ ಅದು ಮುಚ್ಚಿರಬಹುದು, ಇಳಿಬಿಸಿಲಿನಲ್ಲಿ ನೆರಳು ಬಿದ್ದಾಗ ಓದಲು ಬರುತ್ತದೆ. ಪ್ಲಾಟ್‌ಫಾರ್ಮ್ ಆಮೇಲೆ ಎತ್ತರಿಸಿದ್ದಾರೆಯೇ ನೋಡಿ. ಬಾಗಿಲಿನ ಹೊಸ್ತಿಲು ತಗ್ಗಿನಲ್ಲಿ ಹೂತಂತೆ ಕಂಡರೆ ಕಟ್ಟಡ ಹಳೆಯದು, ನೆಲ ಹೊಸದು. ಗೂಡ್ಸ್ ಶೆಡ್ಡು, ಇಂಜಿನ್‌ಗೆ ನೀರು ತುಂಬುತ್ತಿದ್ದ ಕಂಬ, ಬಾವಿ, ಕ್ವಾರ್ಟರ್ಸ್, ಹಳಿ ಕೆಲಸದವರ ಗ್ಯಾಂಗ್ ಹಟ್ಟು ಎಲ್ಲದರ ಫೋಟೋ ತೆಗೆಯಿರಿ. ಸ್ಟೇಷನ್ ಕಟ್ಟಡ ಹೇಗೋ ಯಾರದೋ ಆಲ್ಬಮ್ಮಿನಲ್ಲಿ ಉಳಿಯುತ್ತದೆ. ನೀರಿನ ಕಂಬದ ಫೋಟೋ ಯಾರೂ ತೆಗೆದಿರುವುದಿಲ್ಲ.

ಹಳೆಯ ಕಟ್ಟಡ ಉಳಿದರೆ ಹೇಗಿರುತ್ತದೆ ಎಂದು ನೋಡಬೇಕೇ? ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆ ಹೋಗಿ. ಅದು ಒಂದು ಕಾಲದ ನ್ಯಾರೋ ಗೇಜ್ ಲೈನು. ಹಳಿ ಬದಲಾಗಿ ಬ್ರಾಡ್ ಗೇಜ್ ಆದರೂ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳಲ್ಲಿ ಹೆಂಚಿನ ಪುಟ್ಟ ಸ್ಟೇಷನ್‌ಗಳು ಉಳಿದವು, ಆಮೇಲೆ ಅವುಗಳ ದುರಸ್ತಿಯೂ ಆಯಿತು. ಮೈಸೂರಿನ ರೈಲು ವಸ್ತು ಸಂಗ್ರಹಾಲಯಕ್ಕೂ ಒಮ್ಮೆ ಹೋಗಿ ಬನ್ನಿ, 1979ರಿಂದ ಇದೆ. ಸಿಗ್ನಲ್ಲು, ಟೋಕನ್ನು, ಹಳೇ ಡಬ್ಬಿಗಳನ್ನು ಹತ್ತಿರದಿಂದ ನೋಡಿದ ಮೇಲೆ ನಿಮ್ಮೂರಿನ ಸ್ಟೇಷನ್ನಿನ ಹಿಂದೆ ತುಕ್ಕು ಹಿಡಿದು ಬಿದ್ದ ಕಬ್ಬಿಣ ಏನು ಎಂದು ಗುರುತು ಸಿಗುತ್ತದೆ.

ಹಳಿ ತೆಗೆದು ಹೋದ ಊರಾದರೆ ಗುರುತುಗಳು ಬೇರೆ: ಊರಾಚೆ ನಿಂತ ಕಲ್ಲಿನ ಮೋರಿ, ಹೊಳೆಯಲ್ಲಿ ಮೇಲೆ ಏನೂ ಇಲ್ಲದ ಕಲ್ಲಿನ ಕಂಬಗಳು, ರೈಲೇ ಇಲ್ಲದ ಊರಿನಲ್ಲಿ "ಸ್ಟೇಷನ್ ರೋಡ್" ಎಂಬ ಹೆಸರು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ 610 ಮಿಲಿಮೀಟರ್ ಗೇಜಿನ ಟ್ರಾಮ್‌ವೇ ಓಡುತ್ತಿತ್ತು ಎಂದರೆ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವ ಎಷ್ಟು ಜನ ನಂಬುತ್ತಾರೆ?

ಹಂತ 5: ಕಬ್ಬಿಣವನ್ನು ಓದಿ

ನನಗೆ ಬಹಳ ಇಷ್ಟವಾದ ಹಂತ ಇದು. ಹಳೆಯ ಹಳಿಯ ತುಂಡುಗಳು ಎಲ್ಲೆಲ್ಲೂ ಇವೆ. ಬೇಲಿ ಕಂಬ, ವಿದ್ಯುತ್ ಕಂಬ, ಸ್ಟೇಷನ್ ಚಾವಣಿಯ ಕಂಬ, ಕೆಲವೆಡೆ ಶಾಲೆಯ ಗಂಟೆಯೂ ಹಳಿಯ ತುಂಡೇ. ಹಳಿಯ ತಲೆ ಮತ್ತು ಪಾದದ ನಡುವಿನ ತೆಳು ಭಾಗವನ್ನು ಉಜ್ಜಿ ನೋಡಿ. ಉಬ್ಬಿದ ಅಕ್ಷರ ಇರುತ್ತವೆ. ಹಳಿ ಕೆಂಪಗೆ ಕಾದಿದ್ದಾಗಲೇ ಕಾರ್ಖಾನೆಯ ರೋಲರಿನಲ್ಲಿ ಒತ್ತಿದ ಗುರುತು ಅದು.

ಅದರಲ್ಲಿ ಸಾಮಾನ್ಯವಾಗಿ ಕಾರ್ಖಾನೆಯ ಹೆಸರು, ತಯಾರಾದ ವರ್ಷ, ಹಳಿಯ ತೂಕದ ಗುರುತು ಇರುತ್ತವೆ. ಕೆಲವಕ್ಕೆ ರೈಲ್ವೆ ಕಂಪನಿಯ ಹೆಸರಿನ ಮೊದಲ ಅಕ್ಷರಗಳೂ ಇರುತ್ತವೆ. ಬ್ಯಾರೋ, ಕ್ಯಾಮೆಲ್ ಎಂದಿದ್ದರೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದದ್ದು. ಟಾಟಾ ಎಂದಿದ್ದರೆ ಜಮ್ಶೆಡ್‌ಪುರದ್ದು, ಆಗ ಅದು 1912ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. 60, 75, 90 ಎಂಬ ಅಂಕಿ ಒಂದು ಗಜ ಹಳಿಗೆ ಎಷ್ಟು ಪೌಂಡ್ ತೂಕ ಎಂದು ಹೇಳುತ್ತದೆ. ಗಜಕ್ಕೆ 90 ಪೌಂಡ್ ಎಂದರೆ ಮೀಟರಿಗೆ ಸುಮಾರು 45 ಕಿಲೋ. ಇಂದಿನ ಮುಖ್ಯ ಲೈನುಗಳಲ್ಲಿ ಮೀಟರಿಗೆ 52, 60 ಕಿಲೋ ಹಳಿ ಹಾಕುತ್ತಾರೆ. ಅಂದಿನ ಗಾಡಿ ಎಷ್ಟು ಹಗುರ ಇತ್ತು ಎಂಬುದು ಆ ಒಂದು ಅಂಕಿಯಲ್ಲೇ ತಿಳಿಯುತ್ತದೆ.

ಎಚ್ಚರ, ಇದು ಬಹಳ ಮುಖ್ಯ: ಹಳಿಯ ವರ್ಷ ಲೈನಿನ ವರ್ಷವಲ್ಲ. ಮುಖ್ಯ ಲೈನಿನಲ್ಲಿ ಸವೆದ ಹಳಿಯನ್ನು ತೆಗೆದು ಚಿಕ್ಕ ಲೈನಿಗೆ, ಯಾರ್ಡಿಗೆ, ಕೊನೆಗೆ ಬೇಲಿಗೆ ಹಾಕುವುದು ರೈಲ್ವೆಯ ಹಳೆಯ ಪದ್ಧತಿ. 1880ರ ಹಳಿ ಸಿಕ್ಕಿತೆಂದು ಊರಿಗೆ 1880ರಲ್ಲಿ ರೈಲು ಬಂತು ಎಂದು ಬರೆಯಬೇಡಿ. ಸೇತುವೆಯ ಗರ್ಡರಿಗೆ ಬಡಿದ ತಗಡಿನ ಮೇಲಿನ ವರ್ಷಕ್ಕೂ ಇದೇ ಮಾತು. ಕಲ್ಲಿನ ಕಂಬದ ಮೇಲೆ ಕೆತ್ತಿದ ವರ್ಷವನ್ನು ಹೆಚ್ಚು ನಂಬಬಹುದು, ಕಲ್ಲಿನ ಕಂಬವನ್ನು ಯಾರೂ ಎತ್ತಿಕೊಂಡು ಬರುವುದಿಲ್ಲ.

ಇನ್ನೊಂದು ಮಾತು. ಹಳಿ ತುಂಡನ್ನಾಗಲಿ ಹಳಿಯ ಅಡಿಗೆ ಅಡ್ಡಲಾಗಿ ಹಾಕುವ ಸ್ಲೀಪರನ್ನಾಗಲಿ ನೆನಪಿಗೆಂದು ಮನೆಗೆ ತರಬೇಡಿ. ಅದು ರೈಲ್ವೆ ಆಸ್ತಿ, ಕೇಸಾಗುತ್ತದೆ. ಫೋಟೋ ತೆಗೆದುಕೊಂಡು ಬನ್ನಿ.

ಹಂತ 6: ಹಿರಿಯರ ಜೊತೆ ಕೂತು ಮಾತಾಡಿ

ಸರ್ಕಾರಿ ಕಡತದಲ್ಲಿ ಇಂಜಿನಿಯರ್ ಹೆಸರಿರುತ್ತದೆ, ಖರ್ಚಿನ ಲೆಕ್ಕ ಇರುತ್ತದೆ. ಯಾರ ಹೊಲ ಹೋಯಿತು, ಕೂಲಿಗೆ ಬಂದವರು ಎಲ್ಲಿ ಗುಡಿಸಲು ಹಾಕಿದರು, ಗೇಟು ಕಾಯುವವರ ಮಕ್ಕಳು ಯಾವ ಶಾಲೆಗೆ ಹೋದರು ಎಂಬುದು ಅಲ್ಲಿರುವುದಿಲ್ಲ. ಊರಿನ ಚರಿತ್ರೆ ಎಂದರೆ ನನ್ನ ಮಟ್ಟಿಗೆ ಮುಖ್ಯವಾಗಿ ಇದೇ. ಹಾಗಾಗಿ ಈ ಹಂತಕ್ಕೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ.

ಯಾರನ್ನು ಕೇಳಬೇಕು? ನಿವೃತ್ತ ಗ್ಯಾಂಗ್‌ಮನ್, ಹಳಿಯ ಬಿಗಿ ನೋಡುತ್ತ ನಡೆಯುತ್ತಿದ್ದ ಕೀಮನ್, ಗಾಡಿಗೆ ಹಳಿ ಬದಲಿಸಿ ಕೊಡುತ್ತಿದ್ದ ಪಾಯಿಂಟ್ಸ್‌ಮನ್, ಗೇಟ್‌ಮನ್. ಸ್ಟೇಷನ್ ಮುಂದೆ ಟೀ ಅಂಗಡಿ, ಜಟಕಾ ಇಟ್ಟಿದ್ದ ಮನೆಯವರು. ಗಾಡಿಯಲ್ಲಿ ಹಾಲು, ತರಕಾರಿ, ಹೂವು ಸಾಗಿಸುತ್ತಿದ್ದವರು. ಪ್ಯಾಸೆಂಜರ್ ಹಿಡಿದು ದಿನಾ ಪಟ್ಟಣಕ್ಕೆ ಓದಲು, ದುಡಿಯಲು ಹೋದವರು. ಹೆಂಗಸರನ್ನು ಮರೆಯಬೇಡಿ. ಕ್ವಾರ್ಟರ್ಸ್‌ನಲ್ಲಿ ಬಾಳಿದ ಅಜ್ಜಿಯಂದಿರು ನೀರು ಎಲ್ಲಿಂದ ತರುತ್ತಿದ್ದರು, ರಾತ್ರಿ ಗಾಡಿಯ ಹೊತ್ತಿಗೆ ಏನಾಗುತ್ತಿತ್ತು ಎಂದು ಹೇಳುವುದು ಬೇರೆ ಯಾರಿಂದಲೂ ಸಿಗದು.

ಹೇಗೆ ಕೇಳಬೇಕು? "ಯಾವ ಇಸವಿ?" ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. "ಅಜ್ಜ, ಆಗ ನಿಮಗೆ ಮದುವೆ ಆಗಿತ್ತಾ?" ಎಂದು ಕೇಳಿ. ಎಲ್ಲರಿಗೂ ನೆನಪಿರುವ ಘಟನೆಗೆ ಕಟ್ಟಿ ಕೇಳಿ. 1956ರ ಏಕೀಕರಣ, 1974ರ ಮೇ ತಿಂಗಳ ರೈಲ್ವೆ ಮುಷ್ಕರ, 1975ರ ತುರ್ತು ಪರಿಸ್ಥಿತಿ ಇವೆಲ್ಲ ಒಳ್ಳೆಯ ಗೂಟಗಳು. 1942ರ ಚಳವಳಿಯಲ್ಲಿ ಸ್ಟೇಷನ್ ಸುಟ್ಟ, ತಂತಿ ಕತ್ತರಿಸಿದ ಕಥೆಗಳು ಧಾರವಾಡ, ಹಾವೇರಿ ಕಡೆಯ ಮನೆಗಳಲ್ಲಿ ಇನ್ನೂ ಉಳಿದಿವೆ. ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರ ಮನೆಗೆ ಹೋದಾಗ ನಿಧಾನವಾಗಿ ಕೇಳಿ. ಹೇಳಲು ಇಷ್ಟವಿಲ್ಲ ಎಂದರೆ ಬಿಟ್ಟುಬಿಡಿ.

ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಿ. ಹೆಸರು ಹಾಕಬಹುದೇ ಎಂದೂ ಕೇಳಿ ಬರೆದಿಟ್ಟುಕೊಳ್ಳಿ. ಮನೆಯಲ್ಲಿರುವ ಹಳೇ ಪಾಸು, ನೇಮಕದ ಪತ್ರ, ಫೋಟೋ ತೋರಿಸಿದರೆ ಅಲ್ಲೇ ಕೂತು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಮೂಲವನ್ನು ಎರವಲು ತರಬೇಡಿ, ಕಳೆದುಹೋದರೆ ಮತ್ತೆ ಸಿಗುವುದಿಲ್ಲ.

ಎಚ್ಚರ: "ನಮ್ಮೂರಿನ ಗೌಡರು ಕೇಳಿದ್ದಕ್ಕೆ ಸ್ಟೇಷನ್ ಬಂತು" ಎಂಬ ಕಥೆ ಎಷ್ಟೋ ಊರಲ್ಲಿ ಇದೆ. ಸುಳ್ಳೆಂದು ತಳ್ಳಬೇಡಿ, ನಿಜವೆಂದು ಅಚ್ಚು ಹಾಕಲೂ ಬೇಡಿ. ಹೇಳಿದವರ ಮಾತಾಗಿಯೇ ಬರೆದಿಟ್ಟು, ಮುಂದಿನ ಹಂತದಲ್ಲಿ ಹುಡುಕಿ.

ಹಂತ 7: ಕಾಗದ ಹುಡುಕಿ

ಮನೆಯಲ್ಲೇ ಕೂತು ಸಿಗುವುದರಿಂದ ಶುರು ಮಾಡಿ. ನಿಮ್ಮ ಜಿಲ್ಲೆಯ ಗೆಜೆಟಿಯರ್‌ನಲ್ಲಿ ಸಾರಿಗೆ ಸಂಪರ್ಕದ ಅಧ್ಯಾಯ ಇರುತ್ತದೆ. ಗೆಜೆಟಿಯರ್ ಎಂದರೆ ಜಿಲ್ಲೆಯ ನೆಲ, ಜನ, ಆಡಳಿತದ ವಿವರವನ್ನು ಸರ್ಕಾರವೇ ಮುದ್ರಿಸಿದ ಪುಸ್ತಕ. ಹಳೇ ಮೈಸೂರಿನವರು ಬಿ. ಎಲ್. ರೈಸ್ ಅವರ 1897ರ ಪರಿಷ್ಕೃತ ಗೆಜೆಟಿಯರನ್ನೂ ಸಿ. ಹಯವದನ ರಾವ್ ಅವರ 1927–30ರ ಸಂಪುಟಗಳನ್ನೂ ಎದುರುಬದುರು ಇಟ್ಟು ಓದಿ. ನಡುವಿನ ಮೂವತ್ತು ವರ್ಷದಲ್ಲಿ ಎಷ್ಟು ಹೊಸ ಲೈನು ಬಂದವು ಎಂದು ಕಾಣುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರದವರಿಗೆ 1884ರ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್ ಇದೆ. ರೈಲು ಆಗಷ್ಟೇ ಬರುತ್ತಿದ್ದ ಕಾಲದ್ದು ಅದು. ರೈಲ್ವೆ ಬೋರ್ಡು ಆಗಾಗ ಹೊರತಂದ ಲೈನುಗಳ ಚರಿತ್ರೆಯ ಸಂಪುಟಗಳಲ್ಲಿ ಒಂದೊಂದು ತುಂಡು ಯಾವ ದಿನ ತೆರೆಯಿತು ಎಂಬ ಪಟ್ಟಿಯೇ ಇರುತ್ತದೆ. ಇವುಗಳಲ್ಲಿ ಹಲವು ಇಂಟರ್‌ನೆಟ್ ಆರ್ಕೈವ್‌ನಲ್ಲಿವೆ.

ಹುಡುಕುವಾಗ ಹಳೆಯ ಹೆಸರು ಗೊತ್ತಿರಲೇಬೇಕು. ಬಂಗಾರಪೇಟೆ ಆಗ ಬೌರಿಂಗ್‌ಪೇಟೆ. ರಾಮನಗರ ಕ್ಲೋಸ್‌ಪೇಟೆ. ಪಾಂಡವಪುರ ಸ್ಟೇಷನ್ ಫ್ರೆಂಚ್ ರಾಕ್ಸ್. ಇಂಗ್ಲಿಷ್ ಅಕ್ಷರದಲ್ಲಿ ಬರೆದ ರೀತಿಯೂ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ. ನಾಲ್ಕೈದು ಬಗೆಯಲ್ಲಿ ಬರೆದು ಹುಡುಕಿ.

ಆಮೇಲೆ ಪತ್ರಾಗಾರ. ಕರ್ನಾಟಕ ರಾಜ್ಯ ಪತ್ರಾಗಾರ ಬೆಂಗಳೂರಿನ ವಿಕಾಸ ಸೌಧದಲ್ಲಿದೆ, ಮೈಸೂರು, ಧಾರವಾಡ, ಕಲಬುರಗಿಗಳಲ್ಲಿ ವಿಭಾಗೀಯ ಕಚೇರಿಗಳಿವೆ. ಬಳ್ಳಾರಿ, ಮಂಗಳೂರು ಕಡೆಯವರ ಹಳೆಯ ಕಡತ ಚೆನ್ನೈನಲ್ಲಿ ಹೆಚ್ಚು, ಧಾರವಾಡ, ಬೆಳಗಾವಿಯವರದು ಮುಂಬೈನಲ್ಲಿ, ಬೀದರ್, ರಾಯಚೂರಿನವರದು ಹೈದರಾಬಾದಿನಲ್ಲಿ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಪಟ್ಟಿಯನ್ನು ಅಭಿಲೇಖ್ ಪಟಲ್ ಎಂಬ ತಾಣದಲ್ಲಿ ನೋಡಬಹುದು. ಮೈಸೂರು ಸಂಸ್ಥಾನದ ಊರುಗಳವರಿಗೆ ಒಂದು ವಿಶೇಷ ಅನುಕೂಲ ಇದೆ. ದಿವಾನ್ ರಂಗಾಚಾರ್ಲು 1881ರಲ್ಲಿ ಶುರು ಮಾಡಿದ ಪ್ರಜಾಪ್ರತಿನಿಧಿ ಸಭೆಯ ನಡಾವಳಿಗಳು ಅಚ್ಚಾಗಿವೆ. ತಾಲ್ಲೂಕಿನ ಪ್ರತಿನಿಧಿಗಳು ಎದ್ದು ನಿಂತು ತಮ್ಮ ಕಡೆಗೆ ರೈಲು ಬೇಕು ಎಂದು ಕೇಳಿದ್ದು, ಸರ್ಕಾರ ಕೊಟ್ಟ ಉತ್ತರ ಎಲ್ಲ ಅಲ್ಲಿ ಸಿಗುತ್ತದೆ. ಗೌಡರು ಕೇಳಿದ ಕಥೆ ತಾಳೆ ನೋಡಲು ಅದೇ ಜಾಗ.

ಕೊನೆಗೆ ಮಾಹಿತಿ ಹಕ್ಕು. ಕೇಂದ್ರ ಸರ್ಕಾರದ ಆರ್‌ಟಿಐ ತಾಣದಲ್ಲಿ 10 ರೂಪಾಯಿ ಕಟ್ಟಿ ರೈಲ್ವೆಗೆ ಅರ್ಜಿ ಹಾಕಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. ಬಡತನ ರೇಖೆಯ ಕೆಳಗಿನವರಿಗೆ ಶುಲ್ಕ ಇಲ್ಲ. ಸರಿಯಾದ ವಿಭಾಗಕ್ಕೆ ಹಾಕಿ. ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳು ನೈಋತ್ಯ ರೈಲ್ವೆಯವು. ಕಲಬುರಗಿ ಮಧ್ಯ ರೈಲ್ವೆಯ ಸೋಲಾಪುರ ವಿಭಾಗ. ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ.

ಎಚ್ಚರ: "ನಮ್ಮ ಸ್ಟೇಷನ್ನಿನ ಚರಿತ್ರೆ ತಿಳಿಸಿ" ಎಂದು ಬರೆದರೆ "ಮಾಹಿತಿ ಲಭ್ಯವಿಲ್ಲ" ಎಂಬ ಒಂದು ಸಾಲು ಬರುವ ಸಾಧ್ಯತೆಯೇ ಹೆಚ್ಚು. ದಾಖಲೆಯ ಹೆಸರು ಹೇಳಿ ಕೇಳಿ. ಇಂಥ ಸ್ಟೇಷನ್ನಿನಿಂದ ಇಂಥ ಸ್ಟೇಷನ್‌ವರೆಗಿನ ಬ್ರಿಡ್ಜ್ ರಿಜಿಸ್ಟರ್‌ನಲ್ಲಿ ಕಟ್ಟಿದ ವರ್ಷ ತೋರಿಸುವ ಪುಟಗಳ ಪ್ರತಿ, ಲ್ಯಾಂಡ್ ಪ್ಲಾನಿನ ಪ್ರತಿ ಎಂದು ಬರೆಯಿರಿ. ಬ್ರಿಡ್ಜ್ ರಿಜಿಸ್ಟರ್ ಎಂದರೆ ಪ್ರತಿ ಸೇತುವೆ, ಮೋರಿಯ ಲೆಕ್ಕದ ಪುಸ್ತಕ. ಲ್ಯಾಂಡ್ ಪ್ಲಾನ್ ಎಂದರೆ ರೈಲ್ವೆ ಜಾಗದ ಗಡಿ ತೋರಿಸುವ ನಕ್ಷೆ. ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಹಾಕಲು 30 ದಿನ ಇರುತ್ತದೆ.

ಹಂತ 8: ತಾಳೆ ನೋಡಿ, ಬರೆಯಿರಿ

ಈಗ ಮೊದಲ ಪುಟದ ಐದು ಸಾಲಿಗೆ ವಾಪಸ್ ಬನ್ನಿ. ಒಂದು ವರ್ಷವನ್ನು ಖಚಿತ ಎಂದು ಬರೆಯಬೇಕಾದರೆ ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಮೂಲ ಇರಲಿ. ಒಂದು ಜಾಲತಾಣ ಇನ್ನೊಂದನ್ನು ನೋಡಿ ಬರೆದಿದ್ದರೆ ಅದು ಎರಡಲ್ಲ, ಒಂದೇ. ಕಲ್ಲಿನ ಮೇಲಿನ ವರ್ಷ ಮತ್ತು ಆ ಕಾಲದಲ್ಲೇ ಅಚ್ಚಾದ ವರದಿ ಹೊಂದಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಹೊಂದದಿದ್ದರೆ ಎರಡನ್ನೂ ಬರೆಯಿರಿ. ಖಾಲಿ ಸಾಲು ಖಾಲಿಯೇ ಇರಲಿ.

ಬರೆಯುವಾಗ ಕಂಪನಿಯ ಕಥೆಯನ್ನು ಒಂದು ಪುಟಕ್ಕೆ ನಿಲ್ಲಿಸಿ, ಅದು ಬೇರೆ ಕಡೆಯೂ ಸಿಗುತ್ತದೆ. ಉಳಿದ ಜಾಗ ಊರಿಗೆ ಕೊಡಿ. ಸ್ಟೇಷನ್ ಆದ ಮೇಲೆ ಸಂತೆ ಯಾವ ಕಡೆ ಸರಿಯಿತು? ಹತ್ತಿಯ ಜಿನ್ನು, ಅಕ್ಕಿ ಗಿರಣಿ, ಹೆಂಚಿನ ಕಾರ್ಖಾನೆ ಹಳಿಯ ಪಕ್ಕಕ್ಕೆ ಬಂದವೇ? ಗೇಟು ಹಾಕಿದ ಮೇಲೆ ಆಚೆ ಕೇರಿಗೆ ಹೋಗುವ ದಾರಿ ಏನಾಯಿತು? ನಿಮ್ಮೂರು ಈಗ ಪಟ್ಟಣದ ಅಂಚಾಗಿದ್ದರೆ, ದಿನಾ ಓಡಾಡುವ ಜನ ಯಾವ ಗಾಡಿಯಿಂದ ಹೆಚ್ಚಾದರು? ಇವಕ್ಕೆ ಉತ್ತರ ಬರೆಯಬಲ್ಲವರು ಅಲ್ಲಿಯವರೇ.

ಪ್ರತಿಗಳನ್ನು ಮೂರು ಕಡೆ ಇಡಿ: ಊರಿನ ಶಾಲೆಯಲ್ಲಿ ಒಂದು, ಪಂಚಾಯಿತಿ ಗ್ರಂಥಾಲಯದಲ್ಲಿ ಒಂದು, ಸ್ಟೇಷನ್ ಮಾಸ್ಟರ್ ಕೈಗೆ ಒಂದು. ಮಾತಾಡಿದ ಹಿರಿಯರ ಮನೆಗೆ ಅವರ ಮಾತಿರುವ ಪುಟಗಳನ್ನು ಅಚ್ಚು ಹಾಕಿಸಿ ನೀವೇ ಹೋಗಿ ಕೊಡಿ. ಓದಲು ಬಾರದವರಿದ್ದರೆ ಕೂತು ಓದಿ ಹೇಳಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ, ಜೊತೆಗೆ ಮೊದಲ ಸಲ ಹೇಳದ ಇನ್ನೆರಡು ವಿಷಯವೂ ಹೊರಬರುತ್ತದೆ. ಹಾಗಾಗಿ ಪೆನ್ನು ತೆಗೆದುಕೊಂಡು ಹೋಗಿ.